ಅಜ್ಜ ಕಟ್ಟಿದ ಪದ ಡಿಜೆ ಹಾಡಾಯ್ತು. ಬಾಂಡ್ ಮೇಲೆ ಸಹಿ ಮಾಡೋಣವೇ?

ಪ್ರಶ್ನೆ: ನಮ್ಮದು ಜಮಖಂಡಿ ತಾಲೂಕಿನ ಒಂದು ಹಳ್ಳಿ. ನಮ್ಮ ಚಿಗವ್ವ (ತಾಯಿಯ ತಂಗಿ) ಹೆಣ್ಣು ಹೆಚ್ಚಂತ ವಾದ ಮಾಡೂ ನಾಗೇಶಿ ಮೇಳ ಕಟ್ಟಿಕೊಂಡು ಗೀಗೀ ಪದ ಹಾಡತಾಳ. ಮೇಳದಾಗ ಐದು ಮಂದಿ. ಹಾಡೂದ್ರಾಗ ಅರ್ಧಕ್ಕರ್ಧ ಪದ ನಮ್ಮ ತಾಯಿಯ ತಂದಿ ಕಟ್ಟಿದವು. ಅವರು 1987ರಾಗ ತೀರಿಕೊಂಡ್ರು. ಹೋದ ವರ್ಷ ಜಾತ್ರಿ ಹಾಡಕ್ಯಾಗ ಚಿಗವ್ವ ಹಾಡಿದ ಒಂದು ಪದಾನ ಒಬ್ಬ ಹುಡುಗ ಮೊಬೈಲ್‌ನಾಗ ತಗದು ರೀಲ್ಸ್ ಬಿಟ್ಟ. ಭಾಳ ಓಡಿತು. ಆಮ್ಯಾಲ ಒಂದು ಸ್ಟುಡಿಯೊದವರು ಚಿಗವ್ವನ ದನಿ ಮುಂದ ಹಚ್ಚಿ, ಉಳಿದದ್ದು ಬ್ಯಾರೆ ಹುಡುಗನ ಕಡೆ ಹಾಡಿಸಿ ಡಿಜೆ ಮಾಡ್ಯಾರ. ಈಗ ಕಬ್ಬಿನ ಟ್ರ್ಯಾಕ್ಟರ್, ಮದುವಿ ಮೆರವಣಿಗಿ ಎಲ್ಲಿ ನೋಡಿದ್ರೂ ಅದ. ಅದೇ ಪದ ಪೂರ್ತಿ ನಾವು ನಮ್ಮ ಚಾನೆಲ್‌ಗೆ ಹಾಕಿದ್ರ ನಮಗೇ ಕಾಪಿರೈಟ್ ಕ್ಲೇಮ್ ಬಂತು! ಈಗ ಸ್ಟುಡಿಯೊದವರು 25,000 ರೂಪಾಯಿ ಕೊಡ್ತೀವಿ, ಬಾಂಡ್ ಮ್ಯಾಲ ಎಲ್ಲಾ ಹಕ್ಕು ಕೊಟ್ಟೇವಿ ಅಂತ ಸಹಿ ಮಾಡ್ರಿ, ಇನ್ನೂ ನಾಕು ಪದ ಮಾಡೋಣು ಅಂತಾರ. ಜಾನಪದಕ್ಕ ಮಾಲಕರ ಇಲ್ಲ, ಸುಮ್ಮನ ರೊಕ್ಕ ತಗೋರಿ ಅಂತನೂ ಅಂದ್ರು. ಮೇಳದ ಹಿರಿಯರು ಪದ ಕೆಡತಾವ, ಹಾಡಕಿಗೆ ಕರಿಯೂದೂ ನಿಂದರತದ ಅಂತಾರ. ನಮ್ಮ ಅಣ್ಣನ ಮಗ ಇಂಥಾ ಅವಕಾಶ ಮತ್ತ ಬರೂದಿಲ್ಲ ಅಂತಾನ. ಏನ್ ಮಾಡೋಣ?

ಉತ್ತರ: ಆ ಬಾಂಡ್ ಮೇಲೆ ಸದ್ಯಕ್ಕೆ ಸಹಿ ಮಾಡಬೇಡಿ. ಸ್ಟುಡಿಯೊದವರ ಜೊತೆ ಜಗಳಕ್ಕೂ ಇಳಿಯಬೇಡಿ. ಅವರು ಹೇಳುತ್ತಿರುವುದಕ್ಕಿಂತ ಹೆಚ್ಚಿನದು ನಿಮ್ಮ ಕೈಯಲ್ಲಿದೆ. ಅದು ಏನೇನು ಅಂತ ನಿಮಗೆ ಗೊತ್ತಾದ ಮೇಲೆ ಅವರ ಜೊತೆಗೇ ಕೂತು ಮಾತಾಡಬಹುದು.

ನಿಮ್ಮ ಪತ್ರದಲ್ಲಿ ಮೂರು ಚಿಂತೆ ಒಂದರೊಳಗೊಂದು ಸಿಕ್ಕಿಕೊಂಡಿವೆ. ಪದ ಯಾರದು? ಡಿಜೆ ಮಾಡಿದರೆ ಕೆಡುತ್ತದೆಯೇ? ಹಾಡಕಿ ಕಡಿಮೆ ಆಗುತ್ತದೆಯೇ? ಹಿರಿಯರು ಎರಡನೆಯದು, ಮೂರನೆಯದರ ಬಗ್ಗೆ ಮಾತಾಡುತ್ತಿದ್ದಾರೆ, ಅಣ್ಣನ ಮಗ ಕೈಗೆ ಬಂದ ಅವಕಾಶದ ಬಗ್ಗೆ. ನಿಜವಾದ ಗಂಡಾಂತರ ಇರುವುದು ಮೊದಲನೆಯದರಲ್ಲಿ.

"ಜಾನಪದಕ್ಕೆ ಮಾಲೀಕರಿಲ್ಲ" ಎಂಬುದು ಅರ್ಧ ಸತ್ಯ. ಬೀಸುವ ಪದ, ಹಂತಿ ಪದ, ಸೋಬಾನೆ, ಡೊಳ್ಳಿನ ಪದದ ಹಳೆಯ ಸಾಲುಗಳು, ಯಾರು ಕಟ್ಟಿದರೆಂದು ತಿಳಿಯದೆ ಬಾಯಿಂದ ಬಾಯಿಗೆ ಬಂದವು, ಎಲ್ಲರವು. ನಿಮ್ಮ ಪದದಲ್ಲಿ ಹಿಮ್ಮೇಳದವರು ಎತ್ತುವ "ಗೀಯ ಗೀಯ" ಯಾರೊಬ್ಬರ ಸ್ವತ್ತೂ ಅಲ್ಲ. ಆದರೆ ನಿಮ್ಮ ಅಜ್ಜ ಹೆಸರಿರುವ ಕವಿ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಸಾಹಿತ್ಯ ಮತ್ತು ಸಂಗೀತದ ಹಕ್ಕು ರಚಿಸಿದವರು ಬದುಕಿರುವವರೆಗೆ, ಆಮೇಲೆ 60 ವರ್ಷ ಇರುತ್ತದೆ. ಲೆಕ್ಕ ಶುರುವಾಗುವುದು ತೀರಿಕೊಂಡ ಮರುವರ್ಷದ ಜನವರಿಯಿಂದ. ಹಾಗಾಗಿ 1987ರಲ್ಲಿ ತೀರಿಕೊಂಡ ನಿಮ್ಮ ಅಜ್ಜನ ಪದಗಳಿಗೆ 2047ರ ಡಿಸೆಂಬರ್ 31ರವರೆಗೆ ರಕ್ಷಣೆ ಇದೆ. ಹಳ್ಳಿಯಲ್ಲಿ ಹಾಡಿದ್ದಕ್ಕೆ, ದಪ್ಪು ಬಾರಿಸಿದ್ದಕ್ಕೆ, ಅಚ್ಚಾಗದೆ ವಹಿಯಲ್ಲೇ ಉಳಿದದ್ದಕ್ಕೆ ಅದು "ಜಾನಪದ" ಆಗಿ ಹಕ್ಕು ಕಳೆದುಕೊಳ್ಳುವುದಿಲ್ಲ.

ಒಂದು ಹಾಡಿನಲ್ಲಿ ನಾಲ್ಕು ಬೇರೆ ಬೇರೆ ವಸ್ತುಗಳಿರುತ್ತವೆ: ಮಾತು, ಧಾಟಿ, ಹಾಡಿದ ದನಿ, ಆ ದನಿ ಕೂತಿರುವ ರೆಕಾರ್ಡಿಂಗ್. ನಾಲ್ಕಕ್ಕೂ ಮಾಲೀಕರು ಬೇರೆ ಇರಬಹುದು. ಶಿಶುನಾಳ ಷರೀಫರು 1889ರಲ್ಲಿ ದೇಹ ಬಿಟ್ಟರು. ಅವರ ತತ್ವಪದದ ಮಾತು ಈಗ ಎಲ್ಲರಿಗೂ ಮುಕ್ತ, ನೀವು ನಿಮ್ಮ ಧಾಟಿಯಲ್ಲಿ ಹಾಡಿದರೆ ಯಾರೂ ಕೇಳುವಂತಿಲ್ಲ. ಅದೇ ಪದಕ್ಕೆ ಸಿ. ಅಶ್ವತ್ಥ್ ತಾವಾಗಿ ಹಾಕಿದ ಧಾಟಿಯನ್ನು ಎತ್ತಿಕೊಂಡರೆ ಬೇರೆ ಮಾತು. ಅವರು ತೀರಿಕೊಂಡದ್ದು 2009ರಲ್ಲಿ, ಆ ಧಾಟಿಗೆ 2069ರವರೆಗೆ ಹಕ್ಕಿದೆ. ಅವರು ಹಾಡಿದ ರೆಕಾರ್ಡಿಂಗ್ ಅನ್ನೇ ಕತ್ತರಿಸಿ ಹಚ್ಚಿದರೆ ಅದನ್ನು ತೆಗೆಸಿದ ಕಂಪನಿಯನ್ನೂ ಕೇಳಬೇಕು, ಏಕೆಂದರೆ ರೆಕಾರ್ಡಿಂಗ್‌ಗೆ ಪ್ರಕಟವಾದ ಮೇಲೆ 60 ವರ್ಷದ ಪ್ರತ್ಯೇಕ ರಕ್ಷಣೆ ಇದೆ.

ಈಗ ನಿಮ್ಮ ಹಾಡಿಗೆ ಬರೋಣ. ಮಾತು ಅಜ್ಜನದು, ಅಂದರೆ ಈಗ ಅವರ ವಾರಸುದಾರರೆಲ್ಲರದು. ಧಾಟಿ ಹಳೆಯ ಗೀಗೀ ಚಾಲಿನದೇ ಆಗಿದ್ದರೆ ಯಾರದೂ ಅಲ್ಲ, ಅಜ್ಜ ಹೊಸದಾಗಿ ಕಟ್ಟಿದ್ದರೆ ಅದೂ ವಾರಸುದಾರರದು. ಡಿಜೆಯ ಮುಂದೆ ಹಚ್ಚಿದ ದನಿ ಚಿಗವ್ವನದು. ಕಾಯ್ದೆಯ 38ನೇ ಕಲಮು ಹಾಡುಗಾರರಿಗೆ 50 ವರ್ಷದ ಹಕ್ಕು ಕೊಡುತ್ತದೆ, ಅವರ ಒಪ್ಪಿಗೆಯಿಲ್ಲದೆ ಹಾಡಿಕೆಯನ್ನು ರೆಕಾರ್ಡ್ ಮಾಡಿ ವ್ಯಾಪಾರಕ್ಕೆ ಬಳಸುವಂತಿಲ್ಲ. 2012ರ ತಿದ್ದುಪಡಿಯ ನಂತರ, ಹಾಡಿದವರ ಹೆಸರು ಹೇಳಬೇಕು, ಅವರ ಮರ್ಯಾದೆಗೆ ಕುಂದು ಬರುವಂತೆ ತಿರುಚಬಾರದು ಎಂಬ ಹಕ್ಕೂ ಸೇರಿದೆ. ಸ್ಟುಡಿಯೊದವರ ಕೈಯಲ್ಲಿ ನ್ಯಾಯವಾಗಿ ಇರುವುದು ಅವರು ಹಚ್ಚಿದ ಬೀಟು ಮತ್ತು ಆ ಹುಡುಗ ಹಾಡಿದ ಭಾಗದ ರೆಕಾರ್ಡಿಂಗ್, ಅಷ್ಟೇ.

"ನಾವು ಮಾಡಿದ್ದು ಕವರ್ ಹಾಡು, ಕವರ್‌ಗೆ ಒಪ್ಪಿಗೆ ಬೇಡ" ಎಂದು ಅವರು ಹೇಳಬಹುದು. ಈ ಮಾತು ಸ್ಟುಡಿಯೊಗಳಲ್ಲಿ ಸಲೀಸಾಗಿ ಓಡಾಡುತ್ತದೆ. ಕಾಯ್ದೆಯ 31ಸಿ ಕಲಮಿನಲ್ಲಿ ಕವರ್‌ಗೆ ಅವಕಾಶ ಇರುವುದು ನಿಜ. ಆದರೆ ಹಾಡು ಮೊದಲು ಮಾಲೀಕರ ಒಪ್ಪಿಗೆಯಿಂದ ರೆಕಾರ್ಡ್ ಆಗಿರಬೇಕು, ಅದಾಗಿ ಐದು ವರ್ಷ ಕಳೆದಿರಬೇಕು, ಮುಂಚಿತವಾಗಿ ನೋಟಿಸ್ ಕೊಟ್ಟು ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಲ್ಟಿ ಮುಂಗಡ ಕಟ್ಟಬೇಕು. ನಿಮ್ಮ ಅಜ್ಜನ ಪದ ಹಿಂದೆ ಕ್ಯಾಸೆಟ್ಟೋ ಸಿಡಿಯೋ ಆಗಿಲ್ಲದಿದ್ದರೆ ಮೊದಲ ಮೆಟ್ಟಿಲಲ್ಲೇ ಅವರ ವಾದ ನಿಂತುಹೋಗುತ್ತದೆ. ಮೂವತ್ತು ಸೆಕೆಂಡಿಗಿಂತ ಕಡಿಮೆ ಬಳಸಿದರೆ ಅಡ್ಡಿಯಿಲ್ಲ ಎಂಬುದಕ್ಕೂ, ಯೂಟ್ಯೂಬ್‌ಗೆ ಮೊದಲು ಏರಿಸಿದವರೇ ಮಾಲೀಕರು ಎಂಬುದಕ್ಕೂ ಕಾನೂನಿನಲ್ಲಿ ಆಧಾರವಿಲ್ಲ.

ಕ್ಲೇಮ್ ಯಾಕೆ ಬಂತು, ಹೇಗೆ ಬಿಡಿಸಬೇಕು

ಇದನ್ನು ಮೊದಲು ಮಾಡಿ. ಇಲ್ಲಿ ದಿನದ ಲೆಕ್ಕ ಇದೆ.

ಸ್ಟುಡಿಯೊದವರು ಡಿಜೆ ಹಾಡನ್ನು ಒಬ್ಬ ವಿತರಕರ ಮೂಲಕ ಏರಿಸಿರುತ್ತಾರೆ. ಆಗ "ಕಂಟೆಂಟ್ ಐಡಿ" ಎಂಬ ಗುರುತಿನ ವ್ಯವಸ್ಥೆಗೂ ಹಾಡು ಸೇರಿರುತ್ತದೆ. ಅದು ಹಾಡಿನ ದನಿಯನ್ನು ನೆನಪಿಟ್ಟುಕೊಂಡು, ಬೇರೆ ಯಾವ ವಿಡಿಯೊದಲ್ಲಿ ಅಂಥದೇ ದನಿ ಸಿಕ್ಕರೂ ತಾನಾಗಿ ಕ್ಲೇಮ್ ಹಾಕುತ್ತದೆ. ಡಿಜೆಯ ಮೊದಲಿಗೆ ಚಿಗವ್ವನ ದನಿ ಇದೆ, ನೀವು ಏರಿಸಿದ ವಿಡಿಯೊದಲ್ಲೂ ಅದೇ ದನಿ ಇದೆ. ಮೂಲ ಯಾವುದು, ಎತ್ತಿಕೊಂಡದ್ದು ಯಾವುದು ಎಂದು ಯಂತ್ರಕ್ಕೆ ತಿಳಿಯುವುದಿಲ್ಲ. ವಾಸ್ತವದಲ್ಲಿ ಪೂರ್ತಿ ತಮ್ಮದೇ ಆದ ದನಿಯನ್ನು ಮಾತ್ರ ಆ ವ್ಯವಸ್ಥೆಗೆ ಸೇರಿಸಬೇಕೆಂಬ ನಿಯಮವಿದೆ. ಬೇರೆಯವರ ದನಿ ಇರುವ ಹಾಡು ಸೇರಿಸಿ ನಿಯಮ ಮೀರಿದವರು ಅವರು.

ಕ್ಲೇಮ್ ಎಂದರೆ ಸ್ಟ್ರೈಕ್ (ಚಾನೆಲ್ ಮೇಲೆ ಬೀಳುವ ಎಚ್ಚರಿಕೆ) ಅಲ್ಲ, ಗಾಬರಿ ಬೇಡ. ಕ್ಲೇಮ್‌ನಿಂದ ಸಾಮಾನ್ಯವಾಗಿ ವಿಡಿಯೊ ಹೋಗುವುದಿಲ್ಲ, ಅದರ ಜಾಹೀರಾತಿನ ರೊಕ್ಕ ಬೇರೆಯವರಿಗೆ ಹೋಗುತ್ತದೆ. ಯೂಟ್ಯೂಬ್ ಸ್ಟುಡಿಯೊ ತೆರೆದು ಆ ವಿಡಿಯೊದ ಕಾಪಿರೈಟ್ ವಿವರ ನೋಡಿ. ಯಾರು ಹಾಕಿದ್ದಾರೆ, ಎಷ್ಟನೇ ನಿಮಿಷದಿಂದ ಎಷ್ಟರವರೆಗೆ ಎಂದು ಅಲ್ಲಿ ಇರುತ್ತದೆ. ಸ್ಕ್ರೀನ್‌ಶಾಟ್ ತೆಗೆದಿಟ್ಟು ಡಿಸ್ಪ್ಯೂಟ್ (ತಕರಾರು) ಹಾಕಿ. ಕಾರಣದ ಜಾಗದಲ್ಲಿ ಉದ್ದ ಕಥೆ ಬೇಡ: ಹಾಡಿದವರು ಇಂಥವರು, ಮೂಲ ಹಾಡಿಕೆ ನಮ್ಮ ಮೇಳದ್ದು, ಕ್ಲೇಮ್ ಮಾಡಿದ ಹಾಡಿನ ಇಷ್ಟು ಸೆಕೆಂಡಿನಲ್ಲಿ ನಮ್ಮ ದನಿಯನ್ನು ಒಪ್ಪಿಗೆಯಿಲ್ಲದೆ ಬಳಸಲಾಗಿದೆ, ಸಾಹಿತ್ಯ ನಮ್ಮ ಮನೆತನದ ಕವಿಯದು. ಇಷ್ಟು ಸಾಕು. ಕ್ಲೇಮ್ ಬಂದ ಐದು ದಿನದೊಳಗೆ ಡಿಸ್ಪ್ಯೂಟ್ ಹಾಕಿದರೆ ಮೊದಲ ದಿನದಿಂದ ಬಂದ ರೊಕ್ಕವನ್ನು ಯೂಟ್ಯೂಬ್ ತಡೆದಿಡುತ್ತದೆ, ತಡವಾದರೆ ಹಾಕಿದ ದಿನದಿಂದ ಮಾತ್ರ. ಆ ಕಡೆಯವರಿಗೆ ಉತ್ತರಿಸಲು 30 ದಿನ ಇರುತ್ತದೆ, ಉತ್ತರಿಸದಿದ್ದರೆ ಕ್ಲೇಮ್ ಬಿದ್ದುಹೋಗುತ್ತದೆ. ತಿರಸ್ಕರಿಸಿದರೆ ನೀವು ಅಪೀಲು ಹೋಗಬಹುದು. ಆಗ ಅವರಿಗೆ 7 ದಿನ. ಅಪೀಲನ್ನೂ ಒಪ್ಪದೆ ಅವರು ವಿಡಿಯೊ ತೆಗೆಸಿದರೆ ನಿಮ್ಮ ಚಾನೆಲ್‌ಗೆ ಸ್ಟ್ರೈಕ್ ಬೀಳುತ್ತದೆ, 90 ದಿನದೊಳಗೆ ಮೂರು ಸ್ಟ್ರೈಕ್ ಆದರೆ ಚಾನೆಲ್ಲೇ ಹೋಗಬಹುದು. ಆದ್ದರಿಂದ ಅಪೀಲಿಗೆ ಮುಂಚೆ ವಕೀಲರೊಬ್ಬರಿಗೆ ಕಾಗದ ತೋರಿಸಿ. ಒಂದೇ ವಿಡಿಯೊ ಮೇಲೆ ಈ ಹೋರಾಟ ಮಾಡಿ, ಹತ್ತು ವಿಡಿಯೊ ಮೇಲೆ ಒಟ್ಟಿಗೆ ಬೇಡ.

ಪುರಾವೆ ಈಗಲೇ ಕಲೆಹಾಕಿ. ಜಾತ್ರೆಯಲ್ಲಿ ರೀಲ್ಸ್ ತೆಗೆದ ಹುಡುಗನನ್ನು ಬೈಯಬೇಡಿ, ಅವನ ಫೋನ್‌ನಲ್ಲಿರುವ ಮೂಲ ಫೈಲೇ ನಿಮ್ಮ ಗಟ್ಟಿ ಸಾಕ್ಷಿ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳಿಸಿದರೆ ಫೈಲು ಕುಗ್ಗಿ ತೆಗೆದ ದಿನಾಂಕದ ವಿವರ ಅಳಿಸಿಹೋಗುತ್ತದೆ, ಕೇಬಲ್ ಹಚ್ಚಿ ನಕಲು ಮಾಡಿಕೊಳ್ಳಿ. ಅಜ್ಜನ ಪದದ ವಹಿಯ ಪ್ರತಿ ಹಾಳೆಯ ಫೋಟೊ ತೆಗೆಯಿರಿ, ರಟ್ಟು ಮತ್ತು ಖಾಲಿ ಹಾಳೆ ಸಹಿತ. ಅವರು ಧಾರವಾಡ ಆಕಾಶವಾಣಿಯಲ್ಲಿ ಹಾಡಿದ್ದರೆ ಆಗಿನ ಕರಾರು ಪತ್ರ ಮನೆಯ ಟ್ರಂಕಿನಲ್ಲಿ ಇದೆಯೇ ಹುಡುಕಿ. ಜಾತ್ರೆ ಕಮಿಟಿಯ ಹಳೆಯ ಹ್ಯಾಂಡ್‌ಬಿಲ್ ಸಿಕ್ಕರೂ ಬಿಡಬೇಡಿ. ಕಾಪಿರೈಟ್ ನೋಂದಣಿ ಕಡ್ಡಾಯವಲ್ಲ, ಮಾಡಿಸದಿದ್ದರೂ ಹಕ್ಕು ಇದ್ದೇ ಇರುತ್ತದೆ. ಆದರೆ ತಕರಾರು ಎದ್ದಿರುವ ಈ ಒಂದು ಪದಕ್ಕಾದರೂ ಮಾಡಿಸುವುದು ಲೇಸು. ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು, ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ, ರೆಕಾರ್ಡಿಂಗ್‌ಗೆ 2,000.

ಪದ ಕೆಡುವುದು ಎಲ್ಲಿ

ಹಿರಿಯರ ಆತಂಕವನ್ನು ತಳ್ಳಿಹಾಕುವಂತಿಲ್ಲ. ಅವರು ಬೀಟಿನ ಮೇಲೆ ಬೆರಳು ತೋರಿಸುತ್ತಿದ್ದಾರೆ, ಪದ ಕೆಡುವ ಜಾಗ ಮಾತ್ರ ಬೇರೆ ಕಡೆ ಇದೆ. ನಮ್ಮ ಸೀಮೆಯ ಹಾಡುಗಾರಿಕೆ ಹೊರಗಿನದನ್ನು ತೆಗೆದುಕೊಳ್ಳುತ್ತಲೇ ಬೆಳೆದದ್ದು. ಗೀಗೀ ಮೇಳದವರು ಮರಾಠಿ ಲಾವಣಿಯ ಚಾಲು ತಂದರು, ಭಜನಾ ಮೇಳದವರು ಸಿನಿಮಾ ಧಾಟಿಗೆ ದೇವರ ಪದ ಕೂರಿಸಿದರು, ಗುರುರಾಜ ಹೊಸಕೋಟೆಯವರ ಕ್ಯಾಸೆಟ್‌ಗಳು ಹಳ್ಳಿ ಮಾತನ್ನು ಮನೆಮನೆಯ ಟೇಪ್‌ ರೆಕಾರ್ಡರ್‌ಗೆ ಮುಟ್ಟಿಸಿದವು. ಟ್ರ್ಯಾಕ್ಟರಿನ ಡೆಕ್‌ನಲ್ಲಿ ಪದ ಕೇಳಿದ ಮಾತ್ರಕ್ಕೆ ಅದು ಕೆಡುವುದಿಲ್ಲ.

ಕೆಡುವುದು ನಾಲ್ಕು ಕಡೆ, ನಾಲ್ಕೂ ಸ್ಟುಡಿಯೊದೊಳಗೆ ತಡೆಯಬಹುದಾದವು.

ಮೊದಲನೆಯದು ಲಯ. ಗೀಗೀ ಪದ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಮೇಳದ ಮುಂದಿನವರು ಕಥೆ ಹೇಳುವಾಗ ನಿಧಾನ, ಸವಾಲು ಬಿಸಿಯಾದಂತೆ ದಪ್ಪಿನ ಪೆಟ್ಟು ಏರುತ್ತದೆ, ನುಡಿಯ ತುದಿಗೆ ಬಂದಾಗ ಹಿಮ್ಮೇಳದವರು ಸಾಲಿನ ಕೊನೆಯ ಪದ ಕಸಿದುಕೊಂಡು "ಗೀಗೀ" ಎಂದು ಎಳೆಯುತ್ತಾರೆ. ಆ ಎಳೆತ ಪ್ರತಿ ಸಲ ಒಂದೇ ಉದ್ದ ಇರುವುದಿಲ್ಲ, ಚಿಗವ್ವ ಉಸಿರು ತೆಗೆದುಕೊಂಡು ಮುಂದಿನ ಸಾಲು ಎತ್ತುವವರೆಗೂ ಅದು ಕಾಯುತ್ತದೆ. ಸ್ಟುಡಿಯೊದಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ ಟಿಕ್ ಟಿಕ್ ಎಂದು ಒಂದೇ ಸಮ ಬಾರಿಸಿದರೆ ಮೊದಲು ಸಾಯುವುದು ಈ ಕಾಯುವಿಕೆ. ಪರಿಹಾರ ಇದೆ. ಮೊದಲು ಮೇಳವನ್ನು ಟಿಕ್ ಇಲ್ಲದೆ, ಒಟ್ಟಿಗೆ ಕೂರಿಸಿ ಹಾಡಿಸಿ ರೆಕಾರ್ಡ್ ಮಾಡಬೇಕು. ಆಮೇಲೆ ಆ ಹಾಡಿನ ಏರಿಳಿತವನ್ನೇ ಗುರುತಿಸಿ ಅದಕ್ಕೆ ತಕ್ಕಂತೆ ಬೀಟು ಕೂರಿಸಬೇಕು. ಸಾಫ್ಟ್‌ವೇರ್‌ನಲ್ಲಿ ಟೆಂಪೊ ಮ್ಯಾಪ್ ಎನ್ನುವುದು ಇದಕ್ಕೇ ಇರುವುದು. ಕೆಲಸ ಹೆಚ್ಚು ಹಿಡಿಯುತ್ತದೆ, ಹಾಗಾಗಿ ಕೇಳದಿದ್ದರೆ ಯಾರೂ ತಾವಾಗಿ ಮಾಡುವುದಿಲ್ಲ.

ಎರಡನೆಯದು ಶ್ರುತಿ. ಟ್ರ್ಯಾಕನ್ನು ಹುಡುಗನ ದನಿಗೆ ಮಾಡಿಟ್ಟು, ಅದರ ಮೇಲೆ ಹೆಣ್ಣುಮಗಳನ್ನು ಹಾಡಲು ಹಚ್ಚುವುದು ನಡೆಯುತ್ತದೆ. ಹೋಗುವ ಮುಂಚೆ ಮನೆಯಲ್ಲೇ ಪೇಟಿ (ಹಾರ್ಮೋನಿಯಂ) ಇಟ್ಟು ಚಿಗವ್ವನಿಗೆ ಸಲೀಸಾದ ಪಟ್ಟಿ ಯಾವುದು ನೋಡಿ, ಕರಿ ನಾಲ್ಕೋ ಕರಿ ಐದೋ ಬರೆದುಕೊಂಡು ಹೋಗಿ, ಅದಕ್ಕೇ ಟ್ರ್ಯಾಕ್ ಮಾಡಿ ಎನ್ನಿ. ಆಟೊಟ್ಯೂನ್ ಬಗ್ಗೆಯೂ ಆಗಲೇ ಹೇಳಬೇಕು. ನಮ್ಮ ಹಾಡುಗಾರರು ಸ್ವರದಿಂದ ಸ್ವರಕ್ಕೆ ಜಾರಿಕೊಂಡು ಹೋಗುತ್ತಾರೆ, ಆ ಜಾರುವಿಕೆಯನ್ನು ಯಂತ್ರ ತಪ್ಪು ಎಂದು ತಿಳಿದು ಹತ್ತಿರದ ಸ್ವರಕ್ಕೆ ಎಳೆದು ಕೂರಿಸುತ್ತದೆ. ಚಿಗವ್ವನ ದನಿಗೆ ಅದು ಬೇಡವೇ ಬೇಡ. ಎಲ್ಲೋ ಒಂದು ಕಡೆ ತಿದ್ದಬೇಕಿದ್ದರೆ ಆ ಒಂದು ಸಾಲನ್ನು ಮತ್ತೆ ಹಾಡಿಸಲಿ.

ಮೂರನೆಯದು ವಾದ್ಯ. ದೊಡ್ಡ ಸ್ಪೀಕರ್‌ಗೆ ಕೆಳಸ್ವರ ಬೇಕು. ಒಂದೇ ತಂತಿಯ ತುಂತುಣಿ, ಚರ್ಮದ ದಪ್ಪು ಇವೆರಡರ ಸತ್ವ ಮಧ್ಯದ ಮತ್ತು ಮೇಲಿನ ದನಿಯಲ್ಲಿದೆ, ಕಂಪ್ಯೂಟರ್ ಡ್ರಮ್ಮಿನ ದೊಡ್ಡ ಪೆಟ್ಟು, ಅಂದರೆ ಕಿಕ್, ಬಂದ ಕೂಡಲೆ ಮುಳುಗುತ್ತವೆ. ದಪ್ಪಿಗೆ ಒಂದು, ತುಂತುಣಿಗೆ ಒಂದು ಮೈಕ್ ಬೇರೆಯಾಗಿ ಇಡಿಸಿ, ಅವು ನುಡಿಯುವ ಜಾಗದಲ್ಲಿ ಕಿಕ್‌ನ ಮೇಲುದನಿ ಕತ್ತರಿಸಲು ಹೇಳಿ. ದಪ್ಪನ್ನು ಒಣ ಜಾಗದಲ್ಲಿ ಕಾಯಿಸಿ ಬಿಗಿ ಮಾಡಿಕೊಂಡೇ ಒಳಗೆ ಹೋಗಿ, ಎಸಿ ಕೋಣೆಯಲ್ಲಿ ಅರ್ಧ ಗಂಟೆಯಲ್ಲಿ ಅದರ ದನಿ ಇಳಿಯುತ್ತದೆ. ನಡುವೆ ನಿಲ್ಲಿಸಿ ಮತ್ತೆ ಕಾಯಿಸಲು ಸಂಕೋಚಪಡಬೇಡಿ.

ನಾಲ್ಕನೆಯದು ಕತ್ತರಿ, ಮತ್ತು ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡದು. ಅರ್ಧ ಗಂಟೆಯ ಪದ ನಾಲ್ಕು ನಿಮಿಷಕ್ಕೆ ಇಳಿಯುವಾಗ ಮೊದಲು ಹೋಗುವುದು ಕೊನೆಯ ನುಡಿ. ಕವಿಯ ಹೆಸರು, ಊರು, ಗುರುವಿನ ಹೆಸರು ಇರುವುದು ಅಲ್ಲೇ. "ಕುಣಿಯೋರಿಗೆ ಅದು ಬೇಕಾಗೂದಿಲ್ರಿ" ಎನ್ನುತ್ತಾರೆ. ಆ ನುಡಿ ಹೋದ ಮರುದಿನದಿಂದ ಹಾಡು "ಜಾನಪದ" ಆಗಿಬಿಡುತ್ತದೆ, ಮುಂದೆ ಎತ್ತಿಕೊಳ್ಳುವವರಿಗೆ ಕೇಳಲು ಯಾರೂ ಉಳಿಯುವುದಿಲ್ಲ. 1930ರ ದಶಕದಲ್ಲಿ ವಿಜಯಪುರ ಜಿಲ್ಲೆಯ ಹಲಸಂಗಿ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, ಗರತಿಯರ ಬಾಯಿಂದ ತ್ರಿಪದಿಗಳನ್ನು ಕೇಳಿ ಬರೆದು ಅಚ್ಚು ಹಾಕಿಸಿ ಮಹದುಪಕಾರ ಮಾಡಿದರು. ಅಷ್ಟಾದರೂ ಆ ಸಾಲು ಮೊದಲು ಕಟ್ಟಿದ ಹೆಣ್ಣುಮಕ್ಕಳ ಹೆಸರು ನಮಗೆ ಸಿಗುವುದಿಲ್ಲ, ಏಕೆಂದರೆ ತ್ರಿಪದಿಯಲ್ಲಿ ಹೆಸರು ಹಾಕುವ ರೂಢಿ ಇರಲಿಲ್ಲ. ಗೀಗೀ ಕವಿಗಳು ಹೆಸರು ಹಾಕಿ ಹೋಗಿದ್ದಾರೆ. ಅದನ್ನು ನಾವೇ ಕತ್ತರಿಸಿ ಒಗೆಯುವುದು ಬೇಡ. ಪಲ್ಲವಿ, ಎರಡು ನುಡಿ, ಕೊನೆಯ ನುಡಿ: ಈ ಲೆಕ್ಕದಲ್ಲಿ ನಾಲ್ಕೂವರೆ ನಿಮಿಷದಲ್ಲಿ ಹಾಡು ಕೂರುತ್ತದೆ, ಹೆಸರೂ ಉಳಿಯುತ್ತದೆ.

ದೇವರ ಪದಗಳಿಗೆ ಇನ್ನೊಂದು ಎಚ್ಚರ. ಎಲ್ಲಮ್ಮನ ಚೌಡಿಕೆ ಪದ, ಬೀರಪ್ಪ, ಮಾಳಿಂಗರಾಯರ ಡೊಳ್ಳಿನ ಪದ ಇಂಥವುಗಳಲ್ಲಿ ಪೂಜೆಯ ಜೊತೆ ಸೇರಿದ ಭಾಗವನ್ನು ಡಿಜೆಗೆ ಕೊಡಬೇಡಿ. ಮಲೆ ಮಹದೇಶ್ವರ ಪರಂಪರೆಯ ಒಂದು ಪದವನ್ನು 2020ರಲ್ಲಿ ರ‍್ಯಾಪ್ ಮಾಡಿ ಬಿಟ್ಟಾಗ ಭಕ್ತರು ನೊಂದುಕೊಂಡು ವಿರೋಧಿಸಿದರು, ಹಾಡನ್ನು ಯೂಟ್ಯೂಬ್‌ನಿಂದ ತೆಗೆಯಬೇಕಾಯಿತು. ಅಂಥ ಸಂದರ್ಭದಲ್ಲಿ ಕಾನೂನಿನ ಹಕ್ಕು ಇದ್ದರೂ ಕೆಲಸಕ್ಕೆ ಬರುವುದಿಲ್ಲ.

ಹಾಡಕಿ ಕಡಿಮೆ ಆಗುವ ಮಾತು

ಡಿಜೆ ಕೇಳುವವರೂ ರಾತ್ರಿಯಿಡೀ ಕೂತು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ಹರದೇಶಿ–ನಾಗೇಶಿ ವಾದ ಕೇಳುವವರೂ ಬೇರೆ ಬೇರೆ ಜನ. ಹಾಡಕಿ ಕಡಿಮೆ ಆಗುತ್ತಿದ್ದರೆ ಅದಕ್ಕೆ ಕಾರಣ ಎರಡು ಮೇಳ ಕರೆಸುವ ಖರ್ಚು, ಎದುರು ಹಾಡಲು ಜೋಡಿ ಮೇಳ ಸಿಗದಿರುವುದು, ಜಾತ್ರೆ ಕಮಿಟಿಯ ಹುಡುಗರಿಗೆ ರಸಮಂಜರಿ ಸುಲಭ ಅನಿಸುವುದು. ಒಂದು ಹಾಡು ಹೆಸರು ಮಾಡಿದರೆ ಕರೆ ಹೆಚ್ಚೂ ಆಗಬಹುದು, ಆದರೆ ಯಾರ ಹೆಸರು ಕೇಳಿ ಬಂತೋ ಅವರಿಗೆ. ಈಗ ವೇದಿಕೆಗೆ ಕರೆ ಹೋಗುವುದು ಡಿಜೆ ಹಾಡಿದ ಹುಡುಗನಿಗೆ, ಯಾಕೆಂದರೆ ವಿಡಿಯೊದಲ್ಲಿ ಇರುವುದು ಅವನ ಹೆಸರು. ಇಂಥ ಹಾಡಿನಲ್ಲಿ ದೊಡ್ಡ ದುಡಿಮೆ ವೇದಿಕೆಯಿಂದಲೇ ಬರುವುದು. 25,000 ರೂಪಾಯಿಗಿಂತ ಹಾಡಿನ ಹೆಸರಿನ ಕೆಳಗಿನ ಒಂದು ಸಾಲು ನಿಮಗೆ ಹೆಚ್ಚು ಬೆಲೆಯದು.

ಒಂದು ತೊಂದರೆ ಮಾತ್ರ ಖಂಡಿತ ಬರುತ್ತದೆ. ಸವಾಲ್–ಜವಾಬ್ ಬಿಸಿ ಏರಿದಾಗ ಹಿಂದಿನಿಂದ "ಆ ಡಿಜೆ ಪದ ಹಾಡ್ರಿ" ಎಂದು ಕೂಗು ಏಳುತ್ತದೆ. ಆಗ ಹಾಡಿದರೆ ವಾದ ಮುರಿಯುತ್ತದೆ, ಎದುರಿನ ಮೇಳಕ್ಕೂ ಅವಮಾನ. ಸ್ತುತಿ ಮುಗಿದ ಮೇಲೆ ಮೊದಲಿಗೇ ಅದನ್ನು ಪೂರ್ತಿ ಹಾಡಿ ಮುಗಿಸಿಬಿಡಿ.

ಮುಂದಿನ ದಾರಿ

ಬಾಂಡ್ ಮೇಲೆ ಎಲ್ಲ ಹಕ್ಕು ಮಾರುವುದು ಒಂದು ದಾರಿ. ಐದು ಮಂದಿಗೆ ಹಂಚಿದರೆ ತಲೆಗೆ 5,000, ಒಂದೇ ಸಲ. ಆಮೇಲೆ ಕಾಲರ್ ಟ್ಯೂನ್, ಸಿನಿಮಾ, ಜಾಹೀರಾತು ಯಾವುದಕ್ಕೂ ನಿಮ್ಮನ್ನು ಕೇಳಬೇಕಿಲ್ಲ, ಚಿಗವ್ವ ತಾನೇ ಹಾಡಿ ತನ್ನ ಚಾನೆಲ್‌ಗೆ ಹಾಕಿದರೂ ಮತ್ತೆ ಕ್ಲೇಮ್ ಬರುತ್ತದೆ. ಅಲ್ಲದೆ ಚಿಗವ್ವ ಒಬ್ಬರೇ ಅಜ್ಜನ ಸಾಹಿತ್ಯ ಕೊಡಲು ಬರುವುದಿಲ್ಲ. ಅಜ್ಜ ಉಯಿಲು ಬರೆದಿಡದಿದ್ದರೆ ನಿಮ್ಮ ತಾಯಿ, ಸೋದರಮಾವಂದಿರು, ಚಿಗವ್ವ ಎಲ್ಲರಿಗೂ ಅದರಲ್ಲಿ ಪಾಲಿದೆ, ಹೆಣ್ಣುಮಕ್ಕಳಿಗೂ ಸಮವಾಗಿ. ಮೊದಲು ಮನೆಯವರೆಲ್ಲ ಕೂತು, ಮಾತಾಡುವ ಅಧಿಕಾರ ಇಂಥವರಿಗೆ ಎಂದು ಒಂದು ಹಾಳೆ ಬರೆದು ಸಹಿ ಮಾಡಿಕೊಳ್ಳಿ. ಇದಿಲ್ಲದೆ ಸ್ಟುಡಿಯೊದವರ ಜೊತೆ ಮಾಡಿದ ಯಾವ ಕರಾರೂ ನಾಳೆ ಮನೆಯೊಳಗೇ ಜಗಳವಾಗುತ್ತದೆ.

ನಾನು ಹೇಳುವುದು ಎರಡನೇ ದಾರಿ: ಮಾರಬೇಡಿ, ಬಳಸಲು ಪರವಾನಗಿ ಕೊಡಿ. ಕರಾರಿನಲ್ಲಿ ಇರಬೇಕಾದ್ದು ಇಷ್ಟು. ಈ ಒಂದು ಪದ, ಈ ಒಂದು ಟ್ರ್ಯಾಕ್‌ಗೆ ಮಾತ್ರ. ಅವಧಿ ಮೂರು ವರ್ಷ. ಕಾಯ್ದೆಯ 19ನೇ ಕಲಮಿನಂತೆ ಅವಧಿ ಬರೆಯದಿದ್ದರೆ ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಎಂದೂ ತಿಳಿಯಲಾಗುತ್ತದೆ, ಹಾಗಾಗಿ ಬಿಡದೆ ಬರೆಸಿ. ಯಾವ ಯಾವ ಮಾಧ್ಯಮ ಎಂದು ಹೆಸರಿಟ್ಟು ಬರೆಸಿ, "ಮುಂದೆ ಬರುವ ಎಲ್ಲ ಮಾಧ್ಯಮ" ಎಂಬ ಮಾತು ಹೊಡೆದುಹಾಕಿಸಿ. ಸಿನಿಮಾ, ಜಾಹೀರಾತಿಗೆ ಪ್ರತ್ಯೇಕ ಒಪ್ಪಿಗೆ ಬೇಕು. ಮುಂಗಡದ ಜೊತೆ ಬರುವ ಆದಾಯದಲ್ಲಿ ಪಾಲು, ಆರು ತಿಂಗಳಿಗೊಮ್ಮೆ ವಿತರಕರ ಲೆಕ್ಕದ ಪ್ರತಿ. ವಿಡಿಯೊದ ಮೇಲೂ ಕೆಳಗಿನ ವಿವರದಲ್ಲೂ "ಪದ: ಇಂಥವರು, ಊರು, ಹಾಡಿದವರು: ಇಂಥವರ ಮೇಳ". "ಸಾಹಿತ್ಯ: ಜಾನಪದ" ಎಂದು ಎಲ್ಲೂ ಬರಬಾರದು. ಚಿಗವ್ವನ ದನಿ ಇರುವ ಭಾಗವನ್ನು ಕಂಟೆಂಟ್ ಐಡಿಯಿಂದ ಹೊರಗಿಡಬೇಕು, ನಿಮ್ಮ ಚಾನೆಲ್ಲನ್ನು ಕ್ಲೇಮ್‌ನಿಂದ ಬಿಟ್ಟ ಪಟ್ಟಿಗೆ ಸೇರಿಸಬೇಕು. ಆ ದನಿಯನ್ನು ಎಐಗೆ ಹಾಕಿ ಹೊಸ ಹಾಡು ಮಾಡಬಾರದು. ಈಗಾಗಲೇ ಓಡಿದ ಹಾಡಿನ ಹಿಂದಿನ ಆದಾಯಕ್ಕೂ ಲೆಕ್ಕ ಕೇಳಿ, ಅದು ನಿಮಗೆ ಬರಬೇಕಾದದ್ದೇ. ಸ್ಟುಡಿಯೊದವರಿಗೂ ಇದರಲ್ಲಿ ಲಾಭವಿದೆ. ಒಪ್ಪಿಗೆಯಿಲ್ಲದ ಹಾಡನ್ನು ನಾಳೆ ಸಿನಿಮಾದವರು ಕೇಳಿದರೆ ಅವರು ಕೊಡಲಾರರು, ನಿಮ್ಮ ಕಾಗದ ಇದ್ದರೆ ಕೊಡಬಲ್ಲರು. ಮಾತುಕತೆ ಇಲ್ಲಿಂದಲೇ ಶುರು ಮಾಡಿ.

ಇದರ ಅಪಾಯವೂ ಇದೆ. ಅವರು ಒಪ್ಪದೆ ಎದ್ದುಹೋಗಬಹುದು, ಒಪ್ಪಿಯೂ ಲೆಕ್ಕ ಕೊಡದೆ ಸತಾಯಿಸಬಹುದು. ಮೊದಲನೆಯದಾದರೆ ವಕೀಲರಿಂದ ನೋಟಿಸ್ ಕೊಡಿಸಿ, ನೇರ ಕೋರ್ಟಿಗೆ ಹೋಗುವ ಆತುರ ಬೇಡ. ಎರಡನೆಯದಕ್ಕೆ, ಎರಡು ಸಲ ಲೆಕ್ಕ ತಪ್ಪಿದರೆ ಪರವಾನಗಿ ತಾನಾಗಿ ರದ್ದು ಎಂದು ಕರಾರಿನಲ್ಲೇ ಸೇರಿಸಿ.

ಯಾವ ದಾರಿ ಹಿಡಿದರೂ ಅಜ್ಜನ ಪದಗಳನ್ನು ಮೊದಲು ನಿಮ್ಮದೇ ಹೆಸರಿನಲ್ಲಿ ಪೂರ್ತಿ ರೆಕಾರ್ಡ್ ಮಾಡಿಸಿ. ಡಿಜೆ ಬೇಡ, ಮೇಳ ಹಾಡಿದ ಹಾಗೇ. ಸ್ಟುಡಿಯೊದಿಂದ ಎಂಪಿ3 ತೆಗೆದುಕೊಂಡು ಬರಬೇಡಿ, 24 ಬಿಟ್ ವೇವ್ ಫೈಲು, ಜೊತೆಗೆ ಪ್ರತಿ ಮೈಕಿನ ಬೇರೆ ಬೇರೆ ಫೈಲು ಕೇಳಿ, ಎರಡು ಹಾರ್ಡ್‌ಡಿಸ್ಕ್‌ನಲ್ಲಿ ಎರಡು ಮನೆಯಲ್ಲಿ ಇಡಿ. ರೆಕಾರ್ಡಿಂಗ್ ಬಾಡಿಗೆಯನ್ನು ನೀವೇ ಕೊಟ್ಟು, ಮಾಲೀಕತ್ವ ನಿಮ್ಮದು ಎಂದು ರಸೀದಿಯಲ್ಲಿ ಬರೆಸಿಕೊಳ್ಳಿ. ಅಣ್ಣನ ಮಗನಿಗೆ ಈ ಕೆಲಸ ಒಪ್ಪಿಸಿ, ಅವನ ಉತ್ಸಾಹಕ್ಕೆ ಇದು ತಕ್ಕ ಜಾಗ. ವಾರಸುದಾರರ ಪರವಾಗಿ ಸಾಹಿತ್ಯಕ್ಕೆ ಕವಿಗಳ, ಧಾಟಿ ಕಟ್ಟಿದವರ ರಾಯಲ್ಟಿ ವಸೂಲು ಮಾಡುವ ಐಪಿಆರ್‌ಎಸ್, ಹಾಡುಗಾರ್ತಿಯಾಗಿ ಚಿಗವ್ವನಿಗೆ ಹಾಡುಗಾರರ ರಾಯಲ್ಟಿ ವಸೂಲು ಮಾಡುವ ಇಸಾಮ್ರಾ (ಹಿಂದಿನ ಹೆಸರು ಇಸ್ರಾ) ಸಂಘದ ಸದಸ್ಯತ್ವಕ್ಕೂ ಅವನೇ ಅರ್ಜಿ ಹಾಕಲಿ.

ಚಾನೆಲ್‌ನಿಂದ ಜಾಹೀರಾತಿನ ರೊಕ್ಕ ಬರಬೇಕಾದರೆ 1,000 ಚಂದಾದಾರರು ಬೇಕು, ಜೊತೆಗೆ ಒಂದು ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಅಥವಾ 90 ದಿನದಲ್ಲಿ ಒಂದು ಕೋಟಿ ಶಾರ್ಟ್ಸ್ ವೀಕ್ಷಣೆ. ಪೂರ್ತಿ ಪದದ ಉದ್ದ ವಿಡಿಯೊಗಳು ಗಂಟೆಯ ಲೆಕ್ಕ ಬೇಗ ತುಂಬಿಸುತ್ತವೆ, ರೀಲ್ಸ್‌ನ ಹಿಂದೆ ಓಡುವ ಅಗತ್ಯವಿಲ್ಲ. ತೆರಿಗೆಯ ಫಾರಂ ತುಂಬದೆ ಬಿಟ್ಟರೆ ಗೂಗಲ್ ಒಟ್ಟು ಆದಾಯದಲ್ಲಿ ಶೇ 24ರವರೆಗೆ ಹಿಡಿದುಕೊಳ್ಳಬಹುದು, ಪ್ಯಾನ್ ಹಾಕಿ ತುಂಬಿದರೆ ಅಮೆರಿಕದಿಂದ ನೋಡಿದ ಭಾಗಕ್ಕೆ ಮಾತ್ರ ಶೇ 15. ಖಾತೆ ಸಾಮಾನ್ಯವಾಗಿ ಒಬ್ಬರ ಹೆಸರಿನಲ್ಲಿ ಇರುತ್ತದೆ. ಹಾಡಕಿಯ ದುಡ್ಡು ಅಂದೇ ರಾತ್ರಿ ಎಲ್ಲರೆದುರು ಎಣಿಸಿ ಹಂಚುವುದು ಮೇಳಕ್ಕೆ ಗೊತ್ತು. ಖಾತೆಗೆ ಬರುವ ದುಡ್ಡು ಯಾರ ಕಣ್ಣಿಗೂ ಕಾಣುವುದಿಲ್ಲ, ಅನುಮಾನ ಹುಟ್ಟುವುದು ಅಲ್ಲೇ. ಮೇಳದ ಐವರ ಪಾಲು, ಅಜ್ಜನ ವಾರಸುದಾರರ ಪಾಲು, ಚಾನೆಲ್ ಖರ್ಚು ಎಷ್ಟೆಷ್ಟು ಎಂದು ಮೊದಲ ವಿಡಿಯೊ ಏರಿಸುವ ಮುಂಚೆಯೇ ಬರೆದು ಐವರ ಸಹಿ ಹಾಕಿಸಿ, ತಿಂಗಳಿಗೊಮ್ಮೆ ಖಾತೆಯ ಪಾಸ್‌ಬುಕ್ ಎಲ್ಲರ ಮುಂದೆ ತೆರೆದಿಡಿ.